ಹೊಸ ಕ್ಯಾಮೆರಾ ಮತ್ತು ಪ್ರಮಾಣದ ಪ್ರಶ್ನೆ

ಹೊಸ ಕ್ಯಾಮೆರಾದ ಪರೀಕ್ಷೆ ಎಂದರೆ ತಿಳಿವಳಿಕೆಯ ಒಂದು ಸಾಧನದ ಪರೀಕ್ಷೆ. ಭಾರತೀಯ ತರ್ಕಶಾಸ್ತ್ರ ಇಂಥ ಸಾಧನವನ್ನು ಪ್ರಮಾಣವೆಂದೂ ಅದರಿಂದ ತಿಳಿಯುವ ವಸ್ತುವನ್ನು ಪ್ರಮೇಯವೆಂದೂ ಕರೆಯುತ್ತದೆ. ದಾವಣಗೆರೆ, ಹರಿಹರದ ಹವ್ಯಾಸಿ ಛಾಯಾಗ್ರಾಹಕರು ಹೊಸ ಕ್ಯಾಮೆರಾ ಕೊಂಡೊಡನೆ ಅದನ್ನು ಹೆಗಲಿಗೇರಿಸಿ ಕುಂದವಾಡ ಕೆರೆಗೋ, ಕೊಂಡಜ್ಜಿ ಗುಡ್ಡಕ್ಕೋ, ಪಕ್ಕದ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯಕ್ಕೋ ಹೊರಡುತ್ತಾರೆ. ಅವರ ಪ್ರಶ್ನೆ ಚಿಕ್ಕದು: ಇದು ಇದ್ದದ್ದನ್ನು ಇದ್ದಂತೆ ತೋರಿಸುತ್ತದೆಯೇ? ಉತ್ತರ ಹೇಳಬೇಕಾದರೆ ಚಿತ್ರವನ್ನು ಕಣ್ಣು ಕಂಡದ್ದರ ಪಕ್ಕದಲ್ಲಿಟ್ಟು ನೋಡಬೇಕು. ಆದರೆ ಕ್ಯಾಮೆರಾ ಕೊಂಡದ್ದೇ ಕಣ್ಣಿಗೆ ಎಟುಕದ್ದನ್ನು ಕಾಣಲು. ಕಣ್ಣು ಸೋಲುವ ಕಡೆ ಕ್ಯಾಮೆರಾವನ್ನು ನಂಬುವುದು, ಕ್ಯಾಮೆರಾ ಸರಿಯೇ ಎಂದು ತಿಳಿಯಲು ಮತ್ತೆ ಕಣ್ಣನ್ನೇ ನಂಬುವುದು: ಈ ಸುತ್ತಿನಿಂದ ಹೊರಬರುವ ದಾರಿ ಯಾವುದೆಂಬುದು ಕ್ಯಾಮೆರಾ ಹುಟ್ಟುವುದಕ್ಕೆ ಬಹಳ ಹಿಂದಿನಿಂದಲೂ ಚರ್ಚೆಯಲ್ಲಿರುವ ವಿಷಯ.

ಈ ತೊಡಕನ್ನು ಹರಿತವಾಗಿ ಎತ್ತಿ ತೋರಿಸಿದವನು ಬೌದ್ಧ ದಾರ್ಶನಿಕ ನಾಗಾರ್ಜುನ. ‘ವಿಗ್ರಹವ್ಯಾವರ್ತನೀ’ ಗ್ರಂಥದಲ್ಲಿ ಅವನು ಹೂಡುವ ವಾದದ ತಿರುಳು ಇಷ್ಟು: ವಸ್ತುಗಳು ಪ್ರಮಾಣದಿಂದ ಸಿದ್ಧವಾಗುವುದಾದರೆ ಪ್ರಮಾಣ ಯಾವುದರಿಂದ ಸಿದ್ಧ? ಇನ್ನೊಂದು ಪ್ರಮಾಣದಿಂದ ಎಂದರೆ ಅದಕ್ಕೆ ಮತ್ತೊಂದು ಬೇಕು. ಅದಕ್ಕೆ ಕೊನೆಯಿಲ್ಲ, ಇದು ಅನವಸ್ಥೆ. ಪ್ರಮಾಣಕ್ಕೆ ಬೇರೆ ಆಧಾರ ಬೇಡ ಎಂದರೆ, ಬೇರೆ ವಸ್ತುಗಳಿಗೆ ಮಾತ್ರ ಏಕೆ ಬೇಕು? ನ್ಯಾಯದರ್ಶನದ ಅನುಯಾಯಿಗಳಾದ ನೈಯಾಯಿಕರು ಇಂಥ ಆಕ್ಷೇಪಕ್ಕೆ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ತಕ್ಕಡಿಯ ನಿದರ್ಶನ ಕೊಟ್ಟು ಉತ್ತರಿಸುತ್ತಾರೆ. ಚಿನ್ನವನ್ನು ತೂಗುವಾಗ ತಕ್ಕಡಿ ಪ್ರಮಾಣ, ಚಿನ್ನ ಪ್ರಮೇಯ. ತಕ್ಕಡಿಯ ಮೇಲೆಯೇ ಸಂಶಯ ಬಂದರೆ ತೂಕ ಗೊತ್ತಿರುವ ಚಿನ್ನವನ್ನು ಅದರ ಮೇಲಿಡಬಹುದು. ಆಗ ಚಿನ್ನವೇ ಪ್ರಮಾಣ, ತಕ್ಕಡಿ ಪ್ರಮೇಯ. ಪ್ರಮಾಣ, ಪ್ರಮೇಯ ಎಂಬುವು ವಸ್ತುವಿನ ಮೈಗೆ ಅಂಟಿದ ಜಾತಿಗಳಲ್ಲ, ಆಯಾ ಹೊತ್ತಿನ ಪಾತ್ರಗಳು.

ದಾವಣಗೆರೆಯ ವ್ಯಾಪಾರದ ಕೇರಿಯಾದ ಮಂಡಿಪೇಟೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೈದರಾಲಿಯಿಂದ ದಾವಣಗೆರೆಯನ್ನು ಜಹಗೀರಾಗಿ ಪಡೆದ ಮರಾಠಾ ಸರದಾರನೊಬ್ಬ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಅಲ್ಲಿಂದೀಚೆಗೆ ಈ ಊರು ಬದುಕಿದ್ದು ತೂಕದ ಮೇಲೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಕೈಚಳಕ ನಡೆದಿದೆಯೇ ಎಂದು ನೋಡುವ ಉಪಾಯವೂ ಹಳೆಯದೇ. ಸರಕಿದ್ದ ತಟ್ಟೆಗೆ ತೂಕದ ಕಲ್ಲು, ಕಲ್ಲಿದ್ದ ತಟ್ಟೆಗೆ ಸರಕು. ಅದಲುಬದಲು ಮಾಡಿದ ಮೇಲೂ ಮುಳ್ಳು ನಡುವೆಯೇ ನಿಂತರೆ ದಂಡದ ಎರಡು ತೋಳು ಸಮ; ಒಂದು ಕಡೆ ವಾಲಿದರೆ ಮೋಸ ಬಯಲು. ಕಬ್ಬಿಣದ ಕಲ್ಲನ್ನು ತಿರುವಿ ಹಾಕಿದರೆ ಒಂದು ಕುಳಿ, ಅದರೊಳಗೆ ಸೀಸ, ಸೀಸದ ಮೇಲೆ ಸರ್ಕಾರದ ಮುದ್ರೆ. ಮುದ್ರೆ ಒತ್ತುವ ಇಲಾಖೆಯ ಬಳಿ ಇರುವ ಮಾದರಿ ಕಲ್ಲನ್ನು ಅದಕ್ಕಿಂತ ಮೇಲಿನ ಮಾದರಿಯೊಡನೆ ಹೋಲಿಸಿರುತ್ತಾರೆ. ಈ ಸರಪಳಿ 2019ರ ಮೇ 20ರವರೆಗೆ ಪ್ಯಾರಿಸ್ ಬಳಿ ಗಾಜಿನ ಗಂಟೆಗಳ ಕೆಳಗೆ ಇಟ್ಟಿದ್ದ, ಕಿಲೋಗ್ರಾಂಗೆ ಮೂಲಮಾದರಿಯಾದ ಲೋಹದ ಒಂದು ಉರುಳೆಯಲ್ಲಿ ಕೊನೆಗೊಳ್ಳುತ್ತಿತ್ತು. ಆ ಉರುಳೆಗೂ ಅದರ ಅಧಿಕೃತ ಪ್ರತಿಗಳಿಗೂ ಕಾಲಾಂತರದಲ್ಲಿ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಕಂಡುಬಂತು. ಉರುಳೆ ತೂಕ ಕಳೆದುಕೊಂಡಿತೋ ಪ್ರತಿಗಳು ಗಳಿಸಿಕೊಂಡವೋ ಎಂದು ಹೇಳಲು ಇನ್ನೊಂದು ಆಧಾರ ಇರಲಿಲ್ಲ. ನಾಗಾರ್ಜುನ ಇದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದನೇನೋ. ಈಗ ಕಿಲೋಗ್ರಾಂ ಅನ್ನು ಪ್ಲಾಂಕ್ ಸ್ಥಿರಾಂಕದಿಂದ ನಿರೂಪಿಸುತ್ತಾರೆ. ಮಂಡಿಯ ಕೆಲಸ ಮಾತ್ರ ಮೊದಲಿನಂತೆಯೇ ನಡೆದಿದೆ.

ಒಂದು ಜ್ಞಾನ ಸರಿಯೆಂದು ತಿಳಿಯುವುದು ಯಾವುದರಿಂದ ಎಂಬ ಪ್ರಶ್ನೆಯಲ್ಲಿ ದರ್ಶನಗಳು ಎರಡು ಬಣಗಳಾಗಿ ಒಡೆದವು. ಕುಮಾರಿಲ ಭಟ್ಟನ ಮೀಮಾಂಸೆಯ ಪ್ರಕಾರ ಜ್ಞಾನ ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ; ಇದು ಸ್ವತಃಪ್ರಾಮಾಣ್ಯ. ಅದು ತಪ್ಪೆಂದು ತಿಳಿಯುವುದು ಎರಡೇ ಕಾರಣದಿಂದ: ಒಂದೋ ಅದನ್ನು ಅಲ್ಲಗಳೆಯುವ ಇನ್ನೊಂದು ಜ್ಞಾನ ಬರಬೇಕು, ಇಲ್ಲವೇ ಸಾಧನದಲ್ಲಿ ದೋಷವಿರುವುದು ಗೊತ್ತಾಗಬೇಕು. ನ್ಯಾಯದರ್ಶನ ಇದನ್ನು ಒಪ್ಪುವುದಿಲ್ಲ. ಅದರ ಪ್ರಕಾರ ಜ್ಞಾನದ ಪ್ರಾಮಾಣ್ಯ ಹೊರಗಿನಿಂದ ಗೊತ್ತಾಗಬೇಕು, ಮುಖ್ಯವಾಗಿ ಆ ಜ್ಞಾನವನ್ನು ನಂಬಿ ಮಾಡಿದ ಕೆಲಸ ಫಲಿಸುವುದರಿಂದ. ದೂರದಲ್ಲಿ ನೀರು ಕಂಡವನು ಹೋಗಿ ಕುಡಿದು ದಾಹ ತೀರಿದರೆ ಅದು ನೀರು. ದ್ವೈತ ಮತದ ಮಧ್ವಾಚಾರ್ಯರು (13ನೇ ಶತಮಾನ) ಸ್ವತಃಪ್ರಾಮಾಣ್ಯದ ಕಡೆ ನಿಂತರೂ ಅದಕ್ಕೆ ಸಾಕ್ಷಿ, ಅಂದರೆ ಆತ್ಮದ ಸ್ವಂತ ಅರಿವು, ಎಂಬ ತತ್ತ್ವವನ್ನು ಸೇರಿಸಿದರು. ಮನಸ್ಸಿಗೆ ತೋರಿದ್ದು ತಪ್ಪಬಹುದು. ಪರೀಕ್ಷೆಯ ನಂತರ ಸಾಕ್ಷಿ ನಿಶ್ಚಯಿಸಿದ್ದು ತಪ್ಪುವುದಿಲ್ಲ. ಅನವಸ್ಥೆ ಅಲ್ಲಿಗೆ ನಿಲ್ಲುತ್ತದೆ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಬೃಂದಾವನಸ್ಥರೆಂದು ಹೇಳಲಾಗುವ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ದ್ವೈತದ ಪ್ರಮಾಣವಿಚಾರವನ್ನು ಅಡಕವಾಗಿ ಜೋಡಿಸಿದ್ದಾರೆ.

ಕ್ಯಾಮೆರಾ ಕೊಂಡವರಲ್ಲೂ ಈ ಎರಡು ಬಣಗಳಿವೆ. ಬಿಲ್ ಕೈಗೆ ಬಂದ ಕ್ಷಣದಿಂದ ಚಿತ್ರ ತೆಗೆಯತೊಡಗಿ, ಏನಾದರೂ ಕೆಟ್ಟು ಕಂಡಾಗ ಮಾತ್ರ ಸಂಶಯಪಡುವವರು ಮೀಮಾಂಸಕರ ಕಡೆ. ಗೋಡೆಗೆ ಗೆರೆಗೆರೆಯ ಕಾಗದ ಅಂಟಿಸಿ, ಟ್ರೈಪಾಡ್ ನಿಲ್ಲಿಸಿ, ಒಂದೊಂದೇ ಅಪರ್ಚರ್‌ನಲ್ಲಿ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದ ಮೇಲಷ್ಟೇ ಊರು ಬಿಡುವವರು ನೈಯಾಯಿಕರು. ಎರಡನೆಯವರಿಗೊಂದು ಅಪಾಯವಿದೆ: ಪರೀಕ್ಷೆಯೇ ಹವ್ಯಾಸವಾಗಿ ಕಾಗದವನ್ನು ಬಿಟ್ಟು ಬೇರೇನನ್ನೂ ನೋಡದಿರುವುದು. ಹತ್ತನೆಯ ಶತಮಾನದ ನೈಯಾಯಿಕ ಉದಯನಾಚಾರ್ಯ ಸಂಶಯಕ್ಕೂ ಒಂದು ಗಡಿ ಹಾಕಿದ್ದಾನೆ: ಸ್ವಂತ ನಡವಳಿಕೆಗೆ ವಿರೋಧ ಬರುವ ತನಕ ಮಾತ್ರ ಸಂಶಯ. ಲೆನ್ಸ್ ಸರಿಯಿಲ್ಲವೆಂದು ಅನ್ನುತ್ತಲೇ ತಂಗಿಯ ಮದುವೆಗೆ ಅದನ್ನೇ ಒಯ್ಯುವವನ ಸಂಶಯ ಬರೀ ಬಾಯಿಮಾತು.

ಬಯಲಿನ ಪರೀಕ್ಷೆಯಲ್ಲಿ ಬಹುಪಾಲು ಕೆಲಸ ಮೀಮಾಂಸಕರು ಹೇಳುವ ಸಾಧನದೋಷವನ್ನು ಹುಡುಕುವುದೇ. ಕೊಂಡಜ್ಜಿ ಕೆರೆಯ ಮೇಲಿನ ಬೆಳಗಿನ ಆಕಾಶವನ್ನು ಎಫ್/16ರಲ್ಲಿ ತೆಗೆದರೆ ಚಿತ್ರದ ಮೂಲೆಯಲ್ಲೊಂದು ಕಪ್ಪು ಚುಕ್ಕೆ ಕಾಣಬಹುದು. ಅದು ಎತ್ತರದಲ್ಲಿ ತೇಲುತ್ತಿರುವ ಹದ್ದೋ, ಸೆನ್ಸರಿಗೆ ಅಂಟಿದ ಧೂಳೋ? ಮಬ್ಬಿನಲ್ಲಿ ಕಂಡದ್ದು ಮೋಟುಮರವೋ ಮನುಷ್ಯನೋ ಎಂಬ ಶಾಸ್ತ್ರದ ಹಳೆಯ ಸಂಶಯದ ಹೊಸ ರೂಪ ಇದು. ಬಿಡಿಸುವ ದಾರಿ ಸುಲಭ: ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿ ಇನ್ನೆರಡು ಚಿತ್ರ ತೆಗೆಯಬೇಕು. ಗುಡ್ಡ, ಮರ, ಮೋಡ ಎಲ್ಲ ಚೌಕಟ್ಟಿನಲ್ಲಿ ಜಾಗ ಬದಲಿಸಿದರೂ ಚುಕ್ಕೆ ಇದ್ದಲ್ಲೇ ಇದ್ದರೆ ಅದು ಧೂಳು. ಲೋಕದೊಡನೆ ಚಲಿಸುವುದು ಲೋಕದ್ದು, ಸಾಧನದೊಡನೆ ಚಲಿಸುವುದು ಸಾಧನದ್ದು. ತಕ್ಕಡಿಯ ತಟ್ಟೆ ಬದಲಿಸುವುದೂ ಇದೇ ತರ್ಕ. ಬಿಳಿ ಶಂಖ ಕಾಮಾಲೆಯವನಿಗೆ ಹಳದಿಯಾಗಿ ಕಾಣುತ್ತದೆ ಎಂಬ ಶಾಸ್ತ್ರದ ಉದಾಹರಣೆಗೂ ಕ್ಯಾಮೆರಾದಲ್ಲಿ ಜೋಡಿಯಿದೆ. ವೈಟ್ ಬ್ಯಾಲೆನ್ಸ್ ತಪ್ಪಿದರೆ ಕುಂದವಾಡ ಕೆರೆಯ ಬೆಳ್ಳಕ್ಕಿ ಅರಿಸಿನ ಬಳಿದುಕೊಂಡಂತೆ ಬರುತ್ತದೆ. ಹೆಚ್ಚಿನ ಕ್ಯಾಮೆರಾಗಳ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಒಂದೇ ಏಟಿಗೆ ಓದದೆ ಸಾಲು ಸಾಲಾಗಿ ಓದುವುದರಿಂದ ವೇಗವಾಗಿ ಬಡಿಯುವ ರೆಕ್ಕೆ ಬಾಗಿದಂತೆ ಕಾಣುತ್ತದೆ. ಇದನ್ನು ಪರೀಕ್ಷಿಸಲು ಹಕ್ಕಿ ಬೇಡ, ಮನೆಯಲ್ಲಿ ತಿರುಗುವ ಫ್ಯಾನ್ ಸಾಕು.

ರಾಣೆಬೆನ್ನೂರಿನಲ್ಲಿ ವಿಷಯ ಸ್ವಲ್ಪ ಸೂಕ್ಷ್ಮವಾಗುತ್ತದೆ. 1974ರಲ್ಲಿ ಘೋಷಿತವಾದ ಈ ಅಭಯಾರಣ್ಯದ ತೆರೆದ ಹುಲ್ಲುಬಯಲಿನಲ್ಲಿ ಬಿಸಿಲೇರಿದ ಮೇಲೆ ಉದ್ದ ಲೆನ್ಸಿನಿಂದ ತೆಗೆದ ಕೃಷ್ಣಮೃಗದ ಚಿತ್ರ ಮಸುಕಾಗಿ, ಅಂಚು ಕಲಕಿದಂತೆ ಬರುತ್ತದೆ. ಇಲ್ಲಿ ತಪ್ಪು ಲೆನ್ಸಿನದಲ್ಲ, ಫೋಕಸಿನದೂ ಅಲ್ಲ. ಕಾದ ನೆಲದಿಂದೇಳುವ ಬಿಸಿಗಾಳಿ ಬೆಳಕನ್ನು ಬಾಗಿಸುತ್ತಿದೆ. ಅದೇ ಲೆನ್ಸನ್ನು ಸೂರ್ಯ ಹುಟ್ಟುವ ಹೊತ್ತಿಗೆ ಅದೇ ದೂರದ ಜಿಂಕೆಯ ಮೇಲಿಟ್ಟರೆ ಕೊಂಬಿನ ಸುರುಳಿಯ ಉಂಗುರಗಳು ಒಂದೊಂದಾಗಿ ಎಣಿಸುವಂತೆ ಬರುತ್ತವೆ. ಮಧ್ಯಾಹ್ನದ ಪರೀಕ್ಷೆ ನೋಡಿ ಲೆನ್ಸನ್ನು ರಿಪೇರಿಗೆ ಕಳುಹಿಸುವುದು ಮಾಧ್ಯಮದ ದೋಷವನ್ನು ಸಾಧನದ ತಲೆಗೆ ಕಟ್ಟಿದಂತೆ.

ಇದೇ ಬಯಲಿನಲ್ಲಿ ಭ್ರಮೆಯ ಬಗ್ಗೆ ಕ್ಯಾಮೆರಾ ಹೊಸದೊಂದನ್ನು ಕಲಿಸುತ್ತದೆ. ವೇದಾಂತದಲ್ಲಿ ಭ್ರಮೆಗೆ ಕೊಡುವ ಉದಾಹರಣೆಗಳಲ್ಲಿ ಹಗ್ಗದ ಹಾವೂ ಇದೆ, ಬಿಸಿಲುಗುದುರೆಯೂ ಇದೆ. ಆದರೆ ಕ್ಯಾಮೆರಾದ ಮುಂದೆ ಇವೆರಡೂ ಒಂದೇ ಅಲ್ಲ. ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ಬೆಚ್ಚಿದವನು ಆ ಕ್ಷಣದಲ್ಲೇ ಕ್ಲಿಕ್ ಮಾಡಿದರೂ ಚಿತ್ರದಲ್ಲಿ ಬರುವುದು ಹಗ್ಗ. ಬಿಸಿಲುಗುದುರೆ ಹಾಗಲ್ಲ, ಅದು ಚಿತ್ರದಲ್ಲೂ ಬರುತ್ತದೆ, ನೀರಿನಂತೆ ಹೊಳೆಯುತ್ತದೆ, ಜಿಂಕೆಯ ಕಾಲುಗಳು ತಲೆಕೆಳಗಾಗಿ ಅದರಲ್ಲಿ ಮೂಡಬಹುದು. ಅಂದರೆ ಬಿಸಿಲುಗುದುರೆಯಲ್ಲಿ ಕಾಣುವ ಹೊಳಪು ನಿಜವಾದ ಬೆಳಕು. ತಪ್ಪಿರುವುದು ಅದನ್ನು ನೀರು ಎಂದು ತೀರ್ಮಾನಿಸುವುದರಲ್ಲಿ. ಅದು ನೀರಲ್ಲ ಎಂದು ಗೊತ್ತಾದ ಮೇಲೂ ಹೊಳಪು ಹೋಗುವುದಿಲ್ಲ, ಹಾವು ಮಾತ್ರ ಹಗ್ಗ ತಿಳಿದೊಡನೆ ಮಾಯ. ಕೆಂಪು ದಾಸವಾಳದ ಪಕ್ಕದ ಸ್ಫಟಿಕ ಕೆಂಪಾಗಿ ಕಾಣುವಂಥ, ಉಪಾಧಿಯಿಂದ, ಅಂದರೆ ಹೊರಗಿನ ಸಂದರ್ಭದಿಂದ, ಬರುವ ಭ್ರಮೆಯನ್ನು ಅದ್ವೈತಿಗಳು ಬೇರೆಯಾಗಿ ಎಣಿಸಿದ್ದರಲ್ಲಿ ಅರ್ಥವಿದೆ. ಆ ವಿಂಗಡಣೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಕ್ಯಾಮೆರಾ: ಚಿತ್ರಕ್ಕೆ ಸಿಕ್ಕಿದ ಭ್ರಮೆ ಹೊರಗಿನದು, ಸಿಗದ ಭ್ರಮೆ ನೋಡಿದವನದು.

ಕಣ್ಣನ್ನೇ ಕ್ಯಾಮೆರಾ ತಿದ್ದಿದ ಪ್ರಸಂಗವೂ ಇದೆ. ನಾಗಾಲೋಟದ ಕುದುರೆಯನ್ನು ಚಿತ್ರಕಾರರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿರುವಂತೆ ಬರೆಯುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನು ಜೋಡಿಸಿ ತೆಗೆದ ಚಿತ್ರಗಳಲ್ಲಿ ನಾಲ್ಕೂ ಕಾಲು ನೆಲ ಬಿಟ್ಟಿದ್ದು ಅವು ಹೊಟ್ಟೆಯ ಕೆಳಗೆ ಒಟ್ಟುಗೂಡಿದ ಕ್ಷಣದಲ್ಲಿ. ಅಲ್ಲಿ ಕ್ಯಾಮೆರಾ ಕಣ್ಣಿನ ಮೇಲೆ ಗೆದ್ದದ್ದು ಹೇಗೆ? ಒಂದರ ಪಕ್ಕ ಒಂದು ಇಟ್ಟ ಚಿತ್ರಗಳು ಪರಸ್ಪರ ಹೊಂದಿಕೊಂಡವು, ಇಡೀ ಓಟ ಅವುಗಳಿಂದ ಅರ್ಥವಾಯಿತು. ಒಂಟಿ ಚಿತ್ರವಾಗಿದ್ದರೆ ಅದನ್ನು ಸುಳ್ಳೆಂದು ತಳ್ಳಿಹಾಕುವುದು ಕಷ್ಟವೇನೂ ಇರಲಿಲ್ಲ.

ಕ್ಯಾಮೆರಾ ಕೊಡುವುದು ಶುದ್ಧ ಪ್ರತ್ಯಕ್ಷ ಎಂಬ ನಂಬಿಕೆ ಅದರ ಒಳಗನ್ನು ನೋಡಿದರೆ ನಿಲ್ಲುವುದಿಲ್ಲ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಜಾಲರಿಯೇ ಇಂದಿನ ಹೆಚ್ಚಿನ ಸೆನ್ಸರುಗಳ ಮೇಲಿದೆ. ಅದರಲ್ಲಿ ಪ್ರತಿ ಬಿಂದುವಿಗೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದೇ ಬಣ್ಣ ಮುಟ್ಟುತ್ತದೆ. ಉಳಿದೆರಡನ್ನು ನೆರೆಯ ಬಿಂದುಗಳಿಂದ ಲೆಕ್ಕ ಹಾಕಿ ತುಂಬುತ್ತಾರೆ. ಮಿಂಚುಳ್ಳಿಯ ಬೆನ್ನಿನ ನೀಲಿಯಲ್ಲಿ ಮೂರನೇ ಒಂದು ಭಾಗ ಅಳತೆ, ಮೂರನೇ ಎರಡು ಭಾಗ ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿದದ್ದು. ಮೊದಲು ನಾಮ-ಜಾತಿಗಳಿಲ್ಲದ ನಿರ್ವಿಕಲ್ಪಕ ಪ್ರತ್ಯಕ್ಷ, ಆಮೇಲೆ ‘ಇದು ಇಂಥದು’ ಎಂದು ವಿಂಗಡಿಸುವ ಸವಿಕಲ್ಪಕ ಎಂಬ ಹಂತಗಳನ್ನು ಹೋಲುವ ಏರ್ಪಾಡು ಇಲ್ಲೂ ಉಂಟು: ರಾ ಫೈಲಿನಲ್ಲಿ ಬರೀ ಅಳತೆ, ಜೆಪೆಗ್‌ನಲ್ಲಿ ತೀರ್ಮಾನ. 2020ರ ನಂತರದ ಹಲವು ಕ್ಯಾಮೆರಾಗಳು ಹಕ್ಕಿಯನ್ನು ಗುರುತಿಸಿ ಅದರ ಕಣ್ಣಿಗೇ ಫೋಕಸ್ ಹಿಡಿಯುತ್ತವೆ. ಚಿತ್ರ ತೆಗೆಯುವ ಮೊದಲೇ ಅವು ‘ಇದು ಹಕ್ಕಿ’ ಎಂದು ನಿರ್ಧರಿಸಿರುತ್ತವೆ. ಒಣಹುಲ್ಲಿನ ತೆನೆಯನ್ನು ಕಣ್ಣೆಂದು ಹಿಡಿದುಕೊಳ್ಳುವುದೂ ಇದೆ.

ಅನುಮಾನವಿದ್ದರೆ ಸುಳ್ಳು ಎಂದೇನೂ ಅಲ್ಲ, ಅನುಮಾನವೂ ಪ್ರಮಾಣವೇ. ಅದಕ್ಕೆ ಹೇತು, ಅಂದರೆ ಆಧಾರ, ಎದುರಿಗಿರುವ ವಸ್ತುವಿನಿಂದ ಬರಬೇಕು, ಅಷ್ಟೇ. 2023ರ ಮಾರ್ಚ್‌ನಲ್ಲಿ ಒಬ್ಬ ಬಳಕೆದಾರ ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲಿಟ್ಟು, ಕತ್ತಲಲ್ಲಿ ಮೊಬೈಲಿನಿಂದ ಅದರ ಫೋಟೊ ತೆಗೆದ. ಪರದೆಯ ಮೇಲಿಲ್ಲದ ಕುಳಿಗಳೆಲ್ಲ ಫೋಟೊದಲ್ಲಿ ಮೂಡಿದವು. ಫೋನಿಗೆ ಚಂದ್ರ ಹೇಗಿರಬೇಕೆಂಬುದು ಮೊದಲೇ ಗೊತ್ತಿತ್ತು. ಇದು ಅನುಮಾನವಲ್ಲ, ಸ್ಮೃತಿ; ಸ್ಮೃತಿಯನ್ನು ನೈಯಾಯಿಕರು ಪ್ರಮಾಣಗಳ ಪಟ್ಟಿಯಿಂದ ಹೊರಗಿಟ್ಟಿದ್ದು ಇಂಥದ್ದಕ್ಕೇ. ಆ ಪ್ರಯೋಗ ಮಾಡಿದವನ ಜಾಣ್ಮೆ ಮೆಚ್ಚಬೇಕಾದ್ದು: ಉತ್ತರ ಗೊತ್ತಿರುವ ವಸ್ತುವನ್ನಿಟ್ಟು ಅವನು ತಕ್ಕಡಿಯನ್ನೇ ತೂಗಿದ.

ನೆನಪು ಚಿತ್ರವನ್ನು ತುಂಬಿದರೆ ಆಗುವ ನಷ್ಟ ಎಂಥದೆಂದು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ತಿಳಿಯುತ್ತದೆ. 2011ರಲ್ಲಿ ಘೋಷಿತವಾದ ಈ ಅಭಯಾರಣ್ಯ ಇರುವುದೇ ಕೊಂಡುಕುರಿಗಾಗಿ. ನಾಲ್ಕು ಕೊಂಬು ಇರುವುದು ಗಂಡಿಗೆ ಮಾತ್ರ; ಮುಂದಿನ ಜೋಡಿ ಕೆಲವೇ ಸೆಂಟಿಮೀಟರ್ ಉದ್ದದ ಮೊಟಕು. ಕುರುಚಲು ಕಾಡಿನ ಸಂಜೆ ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆದ ಚಿತ್ರದಲ್ಲಿ ಕ್ಯಾಮೆರಾ ಕಾಳುಕಾಳನ್ನು ಒರೆಸಿ ನಯ ಮಾಡುವಾಗ ಆ ಜೋಡಿಯೇ ಒರೆಸಿಹೋಗಬಹುದು. ಚಿತ್ರ ಚೆಂದ, ಪ್ರಾಣಿಗೆ ಎರಡು ಕೊಂಬು. ಇಲ್ಲದ ಕೊಂಬನ್ನು ನೆನಪಿನಿಂದ ತುಂಬುವ ಯಂತ್ರ ಇನ್ನೂ ಅಪಾಯ, ಏಕೆಂದರೆ ಎದುರಿಗೆ ನಿಂತದ್ದು ಹೆಣ್ಣೇ ಆಗಿರಬಹುದು. ಕಾಳುಕಾಳಾದರೂ ಇದ್ದದ್ದನ್ನು ಉಳಿಸಿದ ಚಿತ್ರವೇ ಮೇಲು.

ಭೂದೃಶ್ಯದ ಚಿತ್ರದಲ್ಲಿ ಬರುವ ತೊಡಕು ಬೇರೆ ಬಗೆಯದು. ಅಲ್ಲಿ ಚೌಕಟ್ಟು ಮುಖ್ಯ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಳಾಳ್ವ ಕಟ್ಟಿಸಿದ. ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಹರಿಯಿಂದಾಗಲಿ ಹರನಿಂದಾಗಲಿ ಸಾವಿಲ್ಲವೆಂಬ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂದು ಸ್ಥಳಪುರಾಣ. ಇಂಥ ಮೂರ್ತಿಯನ್ನು ಒಂದು ಪಕ್ಕದಿಂದ ಚೌಕಟ್ಟಿಗೆ ಹಿಡಿದರೆ ಒಬ್ಬನೇ ದೇವರು ಕಾಣುತ್ತಾನೆ. ಆ ಚಿತ್ರ ಸುಳ್ಳಲ್ಲ. ಜೈನ ತರ್ಕ ಇದನ್ನು ನಯ ಎನ್ನುತ್ತದೆ: ಒಂದು ನೆಲೆಯಿಂದ ಕಂಡ ಸತ್ಯ. ಇಷ್ಟೇ ಇರುವುದು ಎಂದು ಹೇಳಿದಾಗ ಅದು ದುರ್ನಯವಾಗುತ್ತದೆ. ಭೂದೃಶ್ಯಕ್ಕೂ ಇದೇ ಮಾತು. ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ಹಳ್ಳ ತುಂಗಭದ್ರೆಯನ್ನು ಸೇರುವುದೂ ಹರಿಹರದಲ್ಲೇ. ಅಗಲ ಲೆನ್ಸ್ ಹಾಕಿದರೆ ಹೊಳೆ ಸಮುದ್ರ, ಉದ್ದ ಲೆನ್ಸ್ ಹಾಕಿದರೆ ಆಚೆ ದಡದ ಕಾರ್ಖಾನೆಯ ಚಿಮಣಿ ಗೋಪುರದ ಬೆನ್ನಿಗೇ ನಿಂತಂತೆ. ಚಿಮಣಿಯನ್ನು ಹೊರಗಿಟ್ಟ ಚಿತ್ರಗಳೇ ಹೆಚ್ಚು ಮೆಚ್ಚುಗೆ ಪಡೆಯುವುದು ನೋಡುಗರ ಬಗ್ಗೆ ಒಂದು ಮಾತು ಹೇಳುತ್ತದೆ.

ಚಿತ್ರ ತೆಗೆದವನಿಗೆ ಅದು ಪ್ರತ್ಯಕ್ಷದ ನೆರವು. ಇನ್ನೊಬ್ಬರ ಕೈಗೆ ಹೋದೊಡನೆ ಅದು ಶಬ್ದಪ್ರಮಾಣ, ಅಂದರೆ ಒಬ್ಬರ ಹೇಳಿಕೆ. ಹೇಳಿಕೆ ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು: ವಿಷಯ ತಿಳಿದವನು, ತಿಳಿದಂತೆ ಹೇಳುವವನು. ಕ್ಯಾಮೆರಾ ಪರೀಕ್ಷೆಯ ಚರ್ಚೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದು ಈ ಭಾಗಕ್ಕೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರ ಪ್ರಥಮ ಬಹುಮಾನ ಬೇಲಿಯ ಗೇಟು ಜಿಗಿಯುವ ತೋಳದ ಚಿತ್ರಕ್ಕೆ ಬಂತು. ಅದು ಪಳಗಿಸಿದ ತೋಳವಿರಬೇಕೆಂದು ತೀರ್ಪುಗಾರರು 2010ರ ಜನವರಿಯಲ್ಲಿ ಬಹುಮಾನ ಹಿಂತೆಗೆದುಕೊಂಡರು. ಛಾಯಾಗ್ರಾಹಕ ಆರೋಪವನ್ನು ಒಪ್ಪಲಿಲ್ಲ. ಅದೇ ಸ್ಪರ್ಧೆಯಲ್ಲಿ 2017ರಲ್ಲಿ ಗೆದ್ದ ಇರುವೆಬಾಕನ ಚಿತ್ರ ಮರುವರ್ಷ ಅನರ್ಹವಾಯಿತು. ಚಿತ್ರದಲ್ಲಿದ್ದದ್ದು ಹುಲ್ಲು ತುಂಬಿದ ಪ್ರಾಣಿ ಎಂಬ ನಿರ್ಣಯಕ್ಕೆ ಪರಿಣತರು ಬಂದಿದ್ದರು. ಎರಡರಲ್ಲೂ ಲೆನ್ಸ್, ಸೆನ್ಸರ್, ಫೋಕಸ್ ಎಲ್ಲ ಸರಿ. ತಕರಾರು ಇದ್ದದ್ದು ‘ಇದು ಕಾಡಿನದು’ ಎಂಬ ಹೇಳಿಕೆಯ ಬಗ್ಗೆ.

ಇದಕ್ಕೂ ಯಂತ್ರದಲ್ಲೇ ಪರಿಹಾರ ಹುಡುಕಿದ್ದಾರೆ. 2023ರ ಅಕ್ಟೋಬರಿನಲ್ಲಿ ಬಂದ ಲೈಕಾ ಎಂ11-ಪಿ ಕ್ಯಾಮೆರಾ ಚಿತ್ರ ತೆಗೆದ ಕ್ಷಣದಲ್ಲೇ ಅದಕ್ಕೆ ಡಿಜಿಟಲ್ ಸಹಿ ಹಾಕುತ್ತದೆ, ಸೀಸದ ಮೇಲಿನ ಮುದ್ರೆಯ ಹಾಗೆ. 2025ರಲ್ಲಿ ನಿಕಾನ್‌ನ ಒಂದು ಮಾದರಿಯಲ್ಲಿ, ಎರಡು ಚಿತ್ರ ಬೆರೆಸುವ ಸೌಲಭ್ಯದ ಮೂಲಕ ಸಹಿಯಿಲ್ಲದ ಚಿತ್ರಕ್ಕೂ ಸಹಿ ಬೀಳುತ್ತದೆಂದು ತೋರಿದ ಮೇಲೆ ಕಂಪನಿ ಆ ಸೇವೆಯನ್ನು ನಿಲ್ಲಿಸಬೇಕಾಯಿತು. ಮುದ್ರೆಗೆ ಮುದ್ರೆ ಬೇಕಾಯಿತು. ಅನವಸ್ಥೆ ಮತ್ತೆ ಬಾಗಿಲಿಗೆ ಬಂತು. ಸಹಿ ಚಿತ್ರವನ್ನು ತಿದ್ದಿಲ್ಲವೆಂದು ಹೇಳಬಲ್ಲದು, ಚಿತ್ರಕ್ಕಾಗಿ ಗೂಡಿನ ಮುಂದಿನ ಕೊಂಬೆ ಕಡಿದಿಲ್ಲವೆಂದು ಹೇಳಲಾರದು.

ಕೊಂಬೆಯ ಮಾತು ಬಂದಲ್ಲಿ ಪ್ರಶ್ನೆ ಜ್ಞಾನದಿಂದ ಧರ್ಮಕ್ಕೆ ಹೊರಳುತ್ತದೆ. ತಕ್ಕಡಿಗೆ ಇಟ್ಟ ಚಿನ್ನಕ್ಕೆ ನೋವಿಲ್ಲ; ಇಲ್ಲಿ ಪ್ರಮೇಯಕ್ಕೆ ಜೀವವಿದೆ. ಅಜಾಗರೂಕತೆಯಿಂದ ಜೀವಕ್ಕೆ ಹಾನಿ ಮಾಡುವುದೇ ಹಿಂಸೆ ಎಂದು ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ನಿರೂಪಿಸುತ್ತದೆ; ದ್ವೇಷವಿರಬೇಕಾದ್ದಿಲ್ಲ, ಎಚ್ಚರ ತಪ್ಪಿದರೆ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇದರಿಂದ ದೂರವಿಲ್ಲ: ಕಾಡುಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಅದರ ಪ್ರಕಾರ ಬೇಟೆ. ಅಭಯಾರಣ್ಯದಲ್ಲಿ ಚಿತ್ರ ತೆಗೆಯಲು ಅನುಮತಿ ಬೇಕು. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟಗಳು ಒಪ್ಪಿದ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆಯಲ್ಲೂ ಪ್ರಾಣಿಯ ಕ್ಷೇಮ ಚಿತ್ರಕ್ಕಿಂತ ಮುಖ್ಯವೆಂಬ ಮಾತಿದೆ. ಕ್ಯಾಮೆರಾ ಹೊಸದು, ಗುಂಡಿಗಳು ಕೈಗೆ ಕೂತಿಲ್ಲ, ಕಣ್ಣೆಲ್ಲ ಹಿಂದಿನ ಪರದೆಯ ಮೇಲೆ: ಎಚ್ಚರ ಅತ್ಯಂತ ಕಡಿಮೆ ಇರುವ ಹೊತ್ತೇ ಅದು. ಇನ್ನೊಂದು ಫೋಕಸ್ ನೋಡೋಣವೆಂದು ನಾಲ್ಕು ಹೆಜ್ಜೆ ಮುಂದಿಟ್ಟಾಗ ಗೂಡು ಬಿಟ್ಟೇಳುವ ಟಿಟ್ಟಿಭಕ್ಕೆ ಅದು ಪರೀಕ್ಷೆಯೆಂದು ಗೊತ್ತಾಗುವುದಿಲ್ಲ. ನೆಲದ ಮೇಲಿನ ಅದರ ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ.

ಆದ್ದರಿಂದ ಸಾಧನದ ಪರೀಕ್ಷೆ ಊರಲ್ಲೇ ಮುಗಿಯಬೇಕು. ಮಂಡಿಪೇಟೆಯ ತಂತಿಗಳ ಮೇಲಿನ ಕಾಗೆ, ಮಾಂಸದಂಗಡಿಗಳ ಮೇಲೆ ಸುತ್ತುವ ಹದ್ದು, ಗೋಡೆಯ ಮೇಲಿನ ಅಕ್ಷರಗಳು, ಹರಿಹರದ ಸೇತುವೆಯ ಮೇಲಿಂದ ಕಾಣುವ ಹೊಳೆ ಇಷ್ಟಿದ್ದರೆ ಫೋಕಸ್, ವೇಗ, ಬಣ್ಣ, ಕಾಳು ಎಲ್ಲವನ್ನೂ ಒರೆಗೆ ಹಚ್ಚಬಹುದು, ಮತ್ತು ಇವುಗಳ ನಿಜರೂಪ ಎಲ್ಲರಿಗೂ ಗೊತ್ತಿರುವುದರಿಂದ ತೂಕ ತಿಳಿದ ಚಿನ್ನದ ಕೆಲಸವನ್ನೂ ಅವು ಮಾಡುತ್ತವೆ. ರಂಗಯ್ಯನದುರ್ಗಕ್ಕೋ ರಾಣೆಬೆನ್ನೂರಿಗೋ ಹೋಗುವುದು ಆಮೇಲೆ. ಅಲ್ಲಿ ತೆಗೆದ ಚಿತ್ರವನ್ನು ಇನ್ನೊಬ್ಬರಿಗೆ ಕೊಡುವಾಗ ಅದರ ಕೆಳಗೆ ಯಾವ ದಿನ, ಎಷ್ಟು ದೂರದಿಂದ, ಆಹಾರ ಇಟ್ಟೋ ಇಡದೆಯೋ, ಏನನ್ನು ಕತ್ತರಿಸಿ ಏನನ್ನು ಒರೆಸಿ ಎಂಬುದನ್ನು ಎರಡು ಸಾಲಿನಲ್ಲಿ ಬರೆಯುವುದನ್ನು ಜಿಲ್ಲೆಯ ಛಾಯಾಗ್ರಾಹಕರು ರೂಢಿ ಮಾಡಿಕೊಳ್ಳಬೇಕು.